ಪ್ರಮಾಣದ ಹವಣು

ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಕಂಚಿನ ಲೋಕೇಶ್ವರನನ್ನು ಕಂಡವರು, ಶಿಲ್ಪಶಾಸ್ತ್ರ ಬಲ್ಲವರಾಗಿರಲಿ, ಕೈಮುಗಿದು ಗಂಧಪ್ರಸಾದ ಹಿಡಿದು ಹೊರಟವರಾಗಿರಲಿ, ಒಂದು ಮಾತನ್ನು ಆಡಿಯೇ ಆಡುತ್ತಾರೆ: ಎಷ್ಟು ಪ್ರಮಾಣಬದ್ಧವಾಗಿದೆ! ಮೂರು ಮುಖ, ಆರು ತೋಳು, ಕುಳಿತ ಭಂಗಿ. ಇಷ್ಟೆಲ್ಲ ಇದ್ದೂ ಎಲ್ಲಿಯೂ ಹೆಚ್ಚಾಗಿಲ್ಲ, ಎಲ್ಲಿಯೂ ಕಡಿಮೆಯಾಗಿಲ್ಲ. ಪೀಠದ ಸಂಸ್ಕೃತ ಶಾಸನವು ಆಳುಪರ ಅರಸ ಕುಂದವರ್ಮನು ಕದರಿಕಾ ವಿಹಾರದಲ್ಲಿ ಇದನ್ನು ಪ್ರತಿಷ್ಠಾಪಿಸಿದನೆಂದು ಹೇಳಿ, ಕಲಿವರ್ಷ 4068 ಎಂದು ಕಾಲ ಕೊಡುತ್ತದೆ; ನಮ್ಮ ಲೆಕ್ಕದಲ್ಲಿ ಕ್ರಿ.ಶ. 968. ಮೂರ್ತಿಯನ್ನು ಎರಕ ಹೊಯ್ದ ಆಚಾರಿಗೂ 'ಪ್ರಮಾಣ' ಎಂಬ ಪದ ಗೊತ್ತಿದ್ದಿರಬೇಕು, ಆದರೆ ನಾವು ಆಡುವ ಅರ್ಥದಲ್ಲಲ್ಲ. 'ಮಾನಸಾರ'ದಂಥ ಶಿಲ್ಪಗ್ರಂಥಗಳಲ್ಲಿ ಮೂರ್ತಿಯ ಎತ್ತರ ಮಾನ, ಅಗಲ ಪ್ರಮಾಣ, ಸುತ್ತಳತೆ ಪರಿಮಾಣ, ದಪ್ಪ ಉನ್ಮಾನ, ಅವಯವಗಳ ನಡುವಿನ ತೆರಪು ಉಪಮಾನ, ತೂಗುನೂಲಿನ ಅಳತೆ ಲಂಬಮಾನ. ಆರು ಅಳತೆಗಳಲ್ಲಿ ಒಂದಾಗಿದ್ದ ಪ್ರಮಾಣ ಕಾಲಾಂತರದಲ್ಲಿ ಉಳಿದ ಐದನ್ನೂ ನುಂಗಿ, ಒಟ್ಟಂದದ ಹೆಸರಾಯಿತು.

ಅಲ್ಲಿಗೇ ನಿಲ್ಲಲಿಲ್ಲ. ಅದೇ ಕದ್ರಿಯ ಗುಡ್ಡದ ಮೇಲಿನ ಆಕಾಶವಾಣಿಯಿಂದ ಮಳೆಯ ಪ್ರಮಾಣ ಬಿತ್ತರವಾಗುತ್ತದೆ. ಕೊಟ್ಟ ದುಡ್ಡು ಮರಳದೆ ರೋಸಿಹೋದವನು ದೇವಸ್ಥಾನದತ್ತ ಕೈತೋರಿಸಿ 'ಪ್ರಮಾಣ ಮಾಡ್ತೀಯಾ ಮಾರಾಯ?' ಎಂದು ಕೇಳುತ್ತಾನೆ. ಅಡುಗೆಯವರು ಉಪ್ಪಿನ ಪ್ರಮಾಣ ನೋಡುತ್ತಾರೆ. ಮಂತ್ರಿ ಪ್ರಮಾಣವಚನ ಸ್ವೀಕರಿಸುತ್ತಾನೆ. ಕಚೇರಿಯಲ್ಲಿ ಜಾತಿಗೂ ವರಮಾನಕ್ಕೂ ಪ್ರಮಾಣಪತ್ರ ಬೇಕು. ಪತ್ರಿಕೆಗಳಲ್ಲಿ ಅಪರಾಧದ ಪ್ರಮಾಣ ಏರುತ್ತದೆ, ಅಡಕೆಗೆ ಕೊಳೆರೋಗ ದೊಡ್ಡ ಪ್ರಮಾಣದಲ್ಲಿ ತಗಲುತ್ತದೆ. ಬಿ.ಎಡ್. ಓದುವ ಹುಡುಗಿ ಮಾತ್ರ ಇವೆಲ್ಲಕ್ಕಿಂತ ಬೇರೆಯದನ್ನು ಬಾಯಿಪಾಠ ಮಾಡುತ್ತಿರುತ್ತಾಳೆ: ಪ್ರಮಾಣೀಕೃತ ಪರೀಕ್ಷೆಗೆ ಎರಡು ಮುಖ್ಯ ಲಕ್ಷಣ, ಒಂದು ವಿಶ್ವಸನೀಯತೆ, ಇನ್ನೊಂದು ಸಪ್ರಮಾಣತೆ. ಈ ಕೊನೆಯ ಬಳಕೆಯೇ ನಮ್ಮನ್ನು ಇಷ್ಟು ದೂರ ಎಳೆದು ತಂದದ್ದು. ಮನಸ್ಸನ್ನು ಅಳೆಯಹೊರಟವರು ತಮ್ಮ ಅಳತೆಗೋಲು ನೆಟ್ಟಗಿದೆಯೇ ಎಂದು ಅಂಕಿಗಳಲ್ಲಿ ಪರಿಶೀಲಿಸುವ ಶಾಸ್ತ್ರ ಬೆಳೆದದ್ದು ಕಳೆದ ನೂರಿಪ್ಪತ್ತು ವರ್ಷಗಳಲ್ಲಿ. ಅದಕ್ಕೆ ಕನ್ನಡದಲ್ಲಿ ಹೆಸರಿಡಬೇಕಾದಾಗ ಕೈಗೆ ಸಿಕ್ಕಿದ್ದು ಮಾತ್ರ ಈ ಹಳೆಯ ಪದ.

ಬೇರಿನಿಂದ ಹೊರಡೋಣ. 'ಮಾ' ಎಂದರೆ ಅಳೆ. ಅದಕ್ಕೆ 'ಪ್ರ' ಹತ್ತಿ, ಕರಣಾರ್ಥದ 'ಅನ' ಸೇರಿ ಪ್ರಮಾಣ: ಯಾವುದರಿಂದ ಚೆನ್ನಾಗಿ ಅಳೆಯುತ್ತೇವೋ ಅದು. ಅಳತೆಯೂ ಹೌದು, ಅಳತೆಗೋಲೂ ಹೌದು. ಒಡಹುಟ್ಟಿದವುಗಳನ್ನು ಎಣಿಸತೊಡಗಿದರೆ ಸಂಸಾರ ದೊಡ್ಡದು: ಮಾಪನ, ಪರಿಮಾಣ, ನಿರ್ಮಾಣ, ಮಿತಿ, ಛಂದಸ್ಸಿನವರ ಮಾತ್ರೆ, ವೈದ್ಯರ ಮಾತ್ರೆ, ಶಾಲೆಯಲ್ಲಿ ಪೈಥಾಗೊರಸನ ಹೆಸರಿಗೆ ಅಂಟಿಕೊಂಡು ಮನೆಯಲ್ಲಿ 'ಅಂಥ ಪ್ರಮೇಯವೇ ಬರಲಿಲ್ಲ' ಎಂದು ಸುಮ್ಮನಾಗುವ ಪ್ರಮೇಯ. ಅನುಮಾನ ಎಂಬ ತಮ್ಮನ ಕಥೆ ಇನ್ನೂ ಸೊಗಸು. ತರ್ಕದಲ್ಲಿ ಅದು ಹೊಗೆ ಕಂಡು ಬೆಂಕಿಯನ್ನು ಊಹಿಸುವ ಗಟ್ಟಿ ಜ್ಞಾನ. ಕನ್ನಡಕ್ಕೆ ಬಂದದ್ದೇ ಬರಿಯ ಸಂಶಯವಾಗಿ ಕುಳಿತಿತು. ಸಂಖ್ಯಾಶಾಸ್ತ್ರಜ್ಞ ನೂರು ಜನರನ್ನು ನೋಡಿ ಲಕ್ಷ ಜನರ ಬಗ್ಗೆ ಮಾಡುವ ಅನುಮಾನ ತರ್ಕದ್ದು, ಅವನ ವರದಿ ಓದುವಾಗ ನಮಗಾಗುವ ಅನುಮಾನ ಅಪ್ಪಟ ಕನ್ನಡದ್ದು. ಪಕ್ಕದಲ್ಲೇ ಪ್ರಮಾದ ನಿಂತಿದೆ. ಧ್ವನಿಯಲ್ಲಿ ಅಣ್ಣತಮ್ಮನಂತೆ ಕೇಳಿಸಿದರೂ ಅದರ ಧಾತು 'ಮದ್', ನೆಂಟಸ್ತಿಕೆ ಇಲ್ಲ. ಆದರೆ ಪ್ರಮಾಣ ಇದ್ದಲ್ಲೆಲ್ಲ ಪ್ರಮಾದವೂ ಇರುತ್ತದೆ ಎಂಬುದನ್ನು ಮುಂದೆ ನೋಡಲಿಕ್ಕಿದೆ.

ಕನ್ನಡವು ಈ ಪದವನ್ನು ತತ್ಸಮವಾಗಿ ಮಾತ್ರ ಇಟ್ಟುಕೊಳ್ಳಲಿಲ್ಲ. ಹಳಗನ್ನಡದ 'ಪವಣ್' ಅನ್ನು ಕೋಶಕಾರರು ಪ್ರಮಾಣದ ತದ್ಭವವೆಂದೇ ಕಾಣಿಸುತ್ತಾರೆ. ಪಕಾರ ಹಕಾರವಾಗುವ ಕಾಲಕ್ಕೆ ಅದು ಹವಣ್ ಆಯಿತು, ಮುಂದೆ ಸ್ವರಾಂತವಾಗಿ ಹವಣು. ಮೊದಲಿಗೆ ಅಳತೆ, ಆಮೇಲೆ ಮಿತಿ, ಆಮೇಲೆ ರೀತಿ, ಆಮೇಲೆ ಸಿದ್ಧತೆ. ಕ್ರಿಯಾಪದವಾದಾಗ ಇಳಿಜಾರು ಇನ್ನೂ ಕಡಿದಾಯಿತು: ಹವಣಿಸು ಎಂದರೆ ಅಳೆ, ಅಳೆದು ಹೊಂದಿಸು, ಹೊಂದಿಸಿ ಅಣಿಮಾಡು, ಅಣಿಯಾಗಿ ಪ್ರಯತ್ನಿಸು, ಇಂದಿನ ಪತ್ರಿಕೆಗಳಲ್ಲಂತೂ ಯಾರೋ ಯಾರದೋ ಕುರ್ಚಿ ಕಿತ್ತುಕೊಳ್ಳಲು ಹೊಂಚುಹಾಕುವುದೇ ಹವಣಿಕೆ. ತಕ್ಕಡಿ ಹಿಡಿದವನ ಕೈಯ ಪದ ಸಂಚುಗಾರನ ಕೈ ಸೇರಿದ್ದು ಹೀಗೆ. ಅಳೆದು ನೋಡದೆ ಸಂಚು ಹೂಡಲಾಗುವುದಿಲ್ಲವಷ್ಟೆ, ಅದಕ್ಕಿರಬೇಕು.

ಗಣಿತದವರ ಮನೆಯಲ್ಲಿ ಪ್ರಮಾಣ ಹೆಚ್ಚು ಸದ್ದುಮಾಡದೆ ಬದುಕಿತು. ತ್ರೈರಾಶಿಕದ ಮೂರು ರಾಶಿಗಳು ಪ್ರಮಾಣ, ಫಲ, ಇಚ್ಛೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಈ ಲೆಕ್ಕಗಳ ಸುಗ್ಗಿಯೇ ಇದೆ. ಇಷ್ಟು ಅಕ್ಕಿಗೆ ಇಷ್ಟು ಹಣವಾದರೆ ಅಷ್ಟು ಅಕ್ಕಿಗೆ ಎಷ್ಟು ಎಂಬಲ್ಲಿ ಮೊದಲ 'ಇಷ್ಟು' ಪ್ರಮಾಣ. ಒಂದಕ್ಕೆ ಇನ್ನೊಂದನ್ನು ಹೋಲಿಸುವ ನಮ್ಮ ಇಂದಿನ 'ಪ್ರಮಾಣ' ಇದರಿಂದ ದೂರವಿಲ್ಲ.

ತಾರ್ಕಿಕರ ಮನೆಯಲ್ಲಿ ಮಾತ್ರ ಗದ್ದಲವೋ ಗದ್ದಲ. ಅಳೆಯುವುದು ಅಲ್ಲಿ ತಿಳಿಯುವುದಾಯಿತು. ಯಾವುದರಿಂದ ನಿಜವಾದ ತಿಳಿವು ಹುಟ್ಟುತ್ತದೋ ಅದು ಪ್ರಮಾಣ. ಅವು ಎಷ್ಟು? ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಸಾಕು. ಬೌದ್ಧರೂ ವೈಶೇಷಿಕರೂ ಅನುಮಾನವನ್ನು ಸೇರಿಸಿ ಎರಡೆಂದರು. ನೈಯಾಯಿಕರು ನಾಲ್ಕು, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆರು. ಎಣಿಕೆಯ ಜಗಳಕ್ಕಿಂತ ನಮಗೆ ರುಚಿಯಾದದ್ದು ಲಕ್ಷಣದ ಜಗಳ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ 'ಪ್ರಮಾಣವಾರ್ತಿಕ'ಕ್ಕೆ ಪ್ರಮಾಣವೆಂದರೆ ಅವಿಸಂವಾದಿ ಜ್ಞಾನ: ವಿಸಂವಾದ ಮಾಡದ್ದು, ಮಾತು ಬದಲಿಸದ್ದು, ನಂಬಿ ಹೋದವನನ್ನು ನಡುನೀರಿನಲ್ಲಿ ಬಿಡದ್ದು. ಕದ್ರಿಯಿಂದ ಉತ್ತರಕ್ಕೆ ಉಡುಪಿಯ ದಾರಿ ಹಿಡಿದರೆ ಹದಿಮೂರನೆಯ ಶತಮಾನದ ಮಧ್ವಾಚಾರ್ಯರ 'ಪ್ರಮಾಣಲಕ್ಷಣ' ಸಿಗುತ್ತದೆ. ಅಲ್ಲಿ ಪ್ರಮಾಣವೆಂದರೆ ಯಥಾರ್ಥ, ಎಂದರೆ ವಸ್ತು ಹೇಗಿದೆಯೋ ಹಾಗೆಯೇ ಹಿಡಿಯುವುದು. ಅದನ್ನೂ ಅವರು ಎರಡಾಗಿ ಸೀಳುತ್ತಾರೆ. ಸರಿಯಾದ ತಿಳಿವೇ ಕೇವಲಪ್ರಮಾಣ. ಆ ತಿಳಿವನ್ನು ತಂದುಕೊಡುವ ಸಾಧನ ಅನುಪ್ರಮಾಣ. ಈ ಬಿಡಿಸುವಿಕೆಯನ್ನು ನಾವು ಕಿಸೆಯಲ್ಲಿಟ್ಟುಕೊಳ್ಳೋಣ, ಏಕೆಂದರೆ ಮನೋವೈಜ್ಞಾನಿಕ ಪರೀಕ್ಷೆ ಎಷ್ಟು ದೊಡ್ಡ ಸಂಸ್ಥೆಯಿಂದ ಬಂದರೂ ಅನುಪ್ರಮಾಣವೇ. ಮಗುವಿನ ಬುದ್ಧಿಯೂ ಅದು ತೋರಿಸಿದ ಅಂಕವೂ ಒಂದೇ ಅಲ್ಲ.

ಕರ್ನಾಟಕದ ಜೈನ ತಾರ್ಕಿಕರನ್ನು ಬಿಟ್ಟರೆ ಈ ಕಥೆ ಕುಂಟುತ್ತದೆ. ಗಂಗರ ಕಾಲದ ವಿದ್ಯಾನಂದನು ಬರೆದ ಒಂದು ಗ್ರಂಥದ ಹೆಸರೇ 'ಪ್ರಮಾಣಪರೀಕ್ಷಾ'. ಪರೀಕ್ಷೆಯನ್ನೇ ಪರೀಕ್ಷಿಸಬೇಕು, ಒರೆಗಲ್ಲನ್ನೂ ಒರೆಗೆ ಹಚ್ಚಬೇಕು ಎಂಬ ಆಸೆ ಸಾವಿರ ವರ್ಷ ಹಿಂದೆಯೇ ಇಲ್ಲಿ ಶೀರ್ಷಿಕೆಯಾಗಿತ್ತು. ಹಾಗೆಂದು ನಮ್ಮವರಿಗೆ ಆಗಲೇ ಎಲ್ಲ ಗೊತ್ತಿತ್ತೆಂದು ಎದೆಯುಬ್ಬಿಸುವ ಚಾಳಿಗೆ ನಾವು ಬೀಳುವುದು ಬೇಡ. ಅವರು ಕೇಳಿದ್ದು ಜ್ಞಾನದ ಪ್ರಾಮಾಣ್ಯವನ್ನು, ಎಣಿಕೆಯನ್ನಲ್ಲ. ಪ್ರಶ್ನೆಯ ಕಟ್ಟು ಒಂದೇ, ಅಷ್ಟೆ.

ಇನ್ನು ಆಣೆಯ ಅರ್ಥ ಎಲ್ಲಿಂದ ಬಂತು? ಧರ್ಮಶಾಸ್ತ್ರದ ನ್ಯಾಯಾಲಯದಿಂದ ಎಂದು ನನ್ನ ಊಹೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಪ್ರಮಾಣವೆಂದರೆ ಪುರಾವೆ: ಲಿಖಿತ, ಭುಕ್ತಿ, ಸಾಕ್ಷಿ; ಬರೆಹವಿಲ್ಲ, ಅನುಭೋಗವಿಲ್ಲ, ಕಂಡವರೂ ಇಲ್ಲ ಎಂದಾದಾಗ ದಿವ್ಯ, ಎಂದರೆ ದೈವಕ್ಕೆ ಬಿಟ್ಟ ಪರೀಕ್ಷೆ. ಈ ಸ್ಮೃತಿಗೆ 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು, ನಮ್ಮ ನಾಡಿನವನೇ. ದಿವ್ಯಗಳಲ್ಲಿ ಬೆಂಕಿಯಿದೆ, ನೀರಿದೆ, ವಿಷವಿದೆ, ದೇವರು ಮಿಂದ ನೀರು ಕುಡಿಯುವ ಕೋಶವಿದೆ. ಮೊದಲ ಸಾಲಿನಲ್ಲಿರುವುದು ತುಲಾದಿವ್ಯ, ತಕ್ಕಡಿ.

ಅದರ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆರೋಪ ಹೊತ್ತವನನ್ನು ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದರಲ್ಲಿ ಕಲ್ಲುಮಣ್ಣು ಹಾಕಿ ಸಮ ಮಾಡುತ್ತಾರೆ. ಗುರುತು ಮಾಡಿಕೊಂಡು ಇಳಿಸುತ್ತಾರೆ. ತಕ್ಕಡಿಯನ್ನೇ ಸಂಬೋಧಿಸಿ ಸತ್ಯ ತೋರೆಂದು ಪ್ರಾರ್ಥನೆಯಾಗುತ್ತದೆ. ಮತ್ತೆ ಅದೇ ಮನುಷ್ಯನನ್ನು ಅದೇ ತಟ್ಟೆಯಲ್ಲಿ ಕೂರಿಸಿ ಅದೇ ಭಾರಕ್ಕೆ ತೂಗುತ್ತಾರೆ. ಹಗುರಾಗಿ ಮೇಲೆದ್ದರೆ ಶುದ್ಧ, ಭಾರವಾಗಿ ಇಳಿದರೆ ದೋಷಿ. ಸಮವಾಗಿ ನಿಂತರೆ? ಇಲ್ಲಿ ಸ್ಮೃತಿಕಾರರಿಗೆ ಒಮ್ಮತವಿಲ್ಲ. ಮತ್ತೊಮ್ಮೆ ತೂಗಿ ಎಂದವರೂ ಇದ್ದಾರೆ. ಇವತ್ತಿನ ಬಿ.ಎಡ್. ಪುಸ್ತಕದಲ್ಲಿ 'ಪರೀಕ್ಷೆ-ಮರುಪರೀಕ್ಷೆ ವಿಧಾನ' ಎಂದಿರುವುದು ಇದೇ ಕ್ರಿಯೆ: ಅದೇ ಜನ, ಅದೇ ಪರೀಕ್ಷೆ, ನಡುವೆ ಕೆಲವು ವಾರ, ಎರಡು ಸಲದ ಅಂಕಗಳ ಹೋಲಿಕೆ. ಆದರೆ ಎರಡನೆಯ ತೂಕ ಮೊದಲನೆಯದಕ್ಕಿಂತ ಬೇರೆಯಾದರೆ ಕಲ್ಯಾಣದ ಧರ್ಮಜ್ಞನಿಗೆ ದೈವ ಮಾತಾಡಿತು. ನಮ್ಮ ಮನೋಮಾಪಕನಿಗೆ ತಕ್ಕಡಿ ಸಡಿಲವಾಗಿದೆ. ಅದೇ ವ್ಯತ್ಯಾಸ ಅಲ್ಲಿ ತೀರ್ಪು, ಇಲ್ಲಿ ದೋಷ. ಒಂದೇ ಪದದೊಳಗೆ ಇವೆರಡೂ ಹೊಂದಿಕೊಂಡು ಕುಳಿತಿರುವುದೇ ನಮ್ಮ ಕಷ್ಟದ ಮೂಲ.

ಪುರಾವೆಯ ಪ್ರಮಾಣದೊಳಗೆ ದಿವ್ಯ, ದಿವ್ಯದ ಬೆನ್ನಿಗೆ ಶಪಥ. ಉಳಿದ ದಿವ್ಯಗಳೆಲ್ಲ ಕಳಚಿಬಿದ್ದ ಮೇಲೆ ಶಪಥವೇ ಪ್ರಮಾಣವಾಯಿತು. ಕರಾವಳಿಯಲ್ಲಂತೂ ಈ ಅರ್ಥ ಇಂದಿಗೂ ಬಿಸಿಯಾಗಿದೆ. ಕಾಸರಗೋಡು ಕಡೆಯ ಕಾನತ್ತೂರಿನ ದೈವಗಳ ಎದುರಿಗೆ ಆಸ್ತಿಯ ತಕರಾರುಗಳು ಹೋಗುತ್ತವೆ; ಧರ್ಮಸ್ಥಳದ ಮಂಜುನಾಥನ ಹೆಸರಲ್ಲಿ ಆಣೆ-ಪ್ರಮಾಣ ಎಂಬುದು ರಾಜಕಾರಣಿಗಳ ಸವಾಲಿಗೂ ಏರಿ, 2011ರ ಜೂನ್‌ನಲ್ಲಿ ರಾಜ್ಯವೆಲ್ಲ ಅದರ ಸುದ್ದಿಯಲ್ಲಿ ಮುಳುಗಿತ್ತು. ಆ ಮಂಜುನಾಥ ಧರ್ಮಸ್ಥಳಕ್ಕೆ ಬಂದದ್ದು ಕದ್ರಿಯಿಂದ, ತಂದವನು ಅಣ್ಣಪ್ಪ ಎಂದು ಐತಿಹ್ಯ. ಪ್ರಮಾಣ ಮಾಡಿದ ಮೇಲೆ ಮತ್ತೆ ಕೇಳುವಂತಿಲ್ಲ, ಮುಗಿಯಿತು. ಈ 'ಮುಗಿಯಿತು' ಎಂಬ ಧ್ವನಿಯೇ ಪ್ರಮಾಣವಚನಕ್ಕೆ ಗಾಂಭೀರ್ಯ ಕೊಟ್ಟಿತು, ಕೋರ್ಟಿನ ಪ್ರಮಾಣಪತ್ರಕ್ಕೂ ಕಚೇರಿಯ ಪ್ರಮಾಣಪತ್ರಕ್ಕೂ ಒಂದೇ ಹೆಸರಿಟ್ಟಿತು. ಮೊದಲನೆಯದರಲ್ಲಿ ನಾವು ಆಣೆ ಇಡುತ್ತೇವೆ, ಎರಡನೆಯದರಲ್ಲಿ ಸರಕಾರ ಆಣೆ ಇಡುತ್ತದೆ.

ಈಗ ಸಮುದ್ರ ದಾಟಬೇಕು. ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಇಂಗ್ಲಿಷ್ ಮನೋವಿಜ್ಞಾನಿ 1904ರಲ್ಲಿ ಒಂದು ಲೇಖನ ಬರೆದ. ಎರಡು ಸಂಗತಿಗಳ ನಡುವಿನ ನಂಟನ್ನು ರುಜುಪಡಿಸುವುದು ಮತ್ತು ಅಳೆಯುವುದು ಎಂಬ ಅರ್ಥದ ತಲೆಬರಹ ಅದಕ್ಕೆ. ರುಜುವಾತು, ಅಳತೆ ಎಂಬ ಎರಡು ಕೆಲಸಕ್ಕೂ ನಮ್ಮಲ್ಲಿ ಪ್ರಮಾಣ ಎಂದರೆ ಸಾಕಿತ್ತು. ಅವನ ವಾದ ಸರಳ: ಬುದ್ಧಿಯನ್ನೋ ಕೇಳುವ ಶಕ್ತಿಯನ್ನೋ ಅಳೆದಾಗ ಬರುವ ಅಂಕ ಶುದ್ಧವಲ್ಲ, ಅದರಲ್ಲಿ ನಿಜವಾದ ಅಂಶವೊಂದು, ಆ ಹೊತ್ತಿನ ಪ್ರಮಾದವೊಂದು ಬೆರೆತಿವೆ. ನಿದ್ದೆಗೆಟ್ಟದ್ದು, ಊಹೆ ಹೊಡೆದದ್ದು, ಪ್ರಶ್ನೆ ತಪ್ಪಾಗಿ ಕೇಳಿಸಿದ್ದು, ಅಂಕ ಕೂಡಿದವನ ಕೈತಪ್ಪು, ಎಲ್ಲ ಆ ಎರಡನೆಯ ಪಾಲು. ಜನರ ಅಂಕಗಳು ಒಬ್ಬರಿಂದೊಬ್ಬರಿಗೆ ಎಷ್ಟು ಚದುರಿವೆಯೋ ಆ ಒಟ್ಟು ಚದುರುವಿಕೆಯಲ್ಲಿ ನಿಜಾಂಶದ ಪಾಲು ಎಷ್ಟು? ಆ ಪಾಲೇ ಪರೀಕ್ಷೆಯ ವಿಶ್ವಸನೀಯತೆ. 0.91 ಎಂದರೆ ಕಂಡ ಚದುರುವಿಕೆಯ ನೂರರಲ್ಲಿ 91 ಪಾಲು ನಿಜ, 9 ಪಾಲು ಪ್ರಮಾದ. ಗಣಿತದವರ ಮನೆಯಲ್ಲಿ ಸದ್ದಿಲ್ಲದೆ ಬದುಕಿದ್ದ ಪ್ರಮಾಣ, ಒಂದಕ್ಕೊಂದರ ಪಾಲು ಎಂಬ ಅರ್ಥದ್ದು, ಇಲ್ಲಿ ಮತ್ತೆ ತಲೆಯೆತ್ತುತ್ತದೆ.

ನಿಜಾಂಶವನ್ನು ಕಂಡವರಿಲ್ಲ, ಆದ್ದರಿಂದ ಪಾಲನ್ನು ಬಳಸುದಾರಿಯಿಂದ ಹಿಡಿಯಬೇಕು. ಎರಡು ಸಲ ಪರೀಕ್ಷಿಸಿ ಸಹಸಂಬಂಧವನ್ನು, ಎಂದರೆ ಎರಡು ಸಲದ ಅಂಕಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು, ನೋಡುವುದು ಒಂದು ದಾರಿ. ಮಕ್ಕಳಿಗೆ ಮೊದಲ ಸಲದ ಉತ್ತರ ನೆನಪಿದ್ದರೆ ಆ ದಾರಿ ಕೆಟ್ಟಿತು. ಒಂದೇ ಪರೀಕ್ಷೆಯನ್ನು ಬೆಸ ಸಂಖ್ಯೆಯ ಪ್ರಶ್ನೆಗಳು, ಸಮ ಸಂಖ್ಯೆಯ ಪ್ರಶ್ನೆಗಳು ಎಂದು ಇಬ್ಭಾಗ ಮಾಡಿ ಎರಡು ಅರ್ಧಗಳನ್ನು ಹೋಲಿಸುವುದು ಇನ್ನೊಂದು. ಆದರೆ ಅರ್ಧ ಪರೀಕ್ಷೆ ಗಿಡ್ಡ, ಗಿಡ್ಡ ಪರೀಕ್ಷೆಯ ನೆಚ್ಚಿಕೆ ಕಡಿಮೆ; ಪೂರ್ತಿ ಉದ್ದಕ್ಕೆ ಏರಿಸಲು ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ 1910ರಲ್ಲಿ ಬೇರೆಬೇರೆಯಾಗಿ ಒಂದೇ ಸೂತ್ರ ಕೊಟ್ಟರು. ಅರ್ಧಗಳ ನಡುವಿನ ಸಹಸಂಬಂಧ 0.60 ಆದರೆ ಅದರ ಇಮ್ಮಡಿ 1.20ನ್ನು 1.60ರಿಂದ ಭಾಗಿಸಿ, 0.75. 1937ರಲ್ಲಿ ಕೂಡರ್ ಮತ್ತು ರಿಚರ್ಡ್‌ಸನ್ ಇಬ್ಭಾಗದ ಗೋಜಿಲ್ಲದೆ ಪ್ರತಿ ಪ್ರಶ್ನೆಯಿಂದಲೂ ಲೆಕ್ಕ ಹಾಕುವ ಸೂತ್ರ ಬರೆದರು. ಅವರ ಲೇಖನದ ಇಪ್ಪತ್ತನೆಯ ಸಮೀಕರಣವಾದ್ದರಿಂದ ಅದರ ಹೆಸರು ಕೆ.ಆರ್.-20 ಎಂದೇ ಉಳಿಯಿತು. 1951ರಲ್ಲಿ ಕ್ರಾನ್‌ಬಾಕ್ ಅದನ್ನೇ ವಿಸ್ತರಿಸಿ ಆಲ್ಫಾ ಎಂದು ಕರೆದ. ಇಂದು ಯಾವ ಪಿಎಚ್.ಡಿ. ಪ್ರಬಂಧ ತೆರೆದರೂ ಆಲ್ಫಾ ಇರುತ್ತದೆ; ಕೆಲವದರಲ್ಲಿ ಅದೊಂದೇ ಇರುತ್ತದೆ.

ಇಬ್ಭಾಗವೂ ಆಲ್ಫಾವೂ ಪರೀಕ್ಷೆಯ ಒಳಗಿನಿಂದಲೇ ಹುಟ್ಟುವ ಸಾಕ್ಷಿ. ಇಲ್ಲಿ ನಮಗೆ ಸ್ವತಃಪ್ರಾಮಾಣ್ಯ, ಪರತಃಪ್ರಾಮಾಣ್ಯಗಳ ಹಳೆಯ ವಾದ ನೆನಪಾಗದಿರದು: ಜ್ಞಾನ ತನ್ನಷ್ಟಕ್ಕೇ ಪ್ರಮಾಣವೆಂದು ಮೀಮಾಂಸಕ, ಇಲ್ಲ, ಹೊರಗಿನಿಂದ ತಾಳೆ ನೋಡಿದ ಮೇಲೆಯೇ ಎಂದು ನೈಯಾಯಿಕ. ಹೋಲಿಕೆಯನ್ನು ತೀರಾ ಎಳೆಯಬಾರದು, ಹರಿಯುತ್ತದೆ. ಆದರೂ ಸಪ್ರಮಾಣತೆಗೆ, ಎಂದರೆ ಪರೀಕ್ಷೆ ತಾನು ಅಳೆಯಹೊರಟದ್ದನ್ನೇ ಅಳೆಯುತ್ತಿದೆ ಎಂಬುದಕ್ಕೆ, ಹೊರಗಿನ ಸಾಕ್ಷಿ ಬೇಕು, ಒಳಗಿನ ಒಗ್ಗಟ್ಟು ಸಾಲದು ಎಂಬ ಇಂದಿನ ನಿಯಮ ನೈಯಾಯಿಕನಿಗೆ ಒಪ್ಪಿಗೆಯಾಗುತ್ತಿತ್ತು.

ಸ್ಪಿಯರ್‌ಮನ್ನನ ಬಳಿ ಲಂಡನ್ನಿನಲ್ಲಿ ಓದಿ ಬಂದವರು ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಅವರಿಂದ ಆರಂಭವಾಯಿತು. ಪ್ರಮಾದವನ್ನು ಅಳೆಯುವ ವಿದ್ಯೆ ಗುರುವಿನಿಂದ ನೇರವಾಗಿ ಕನ್ನಡ ನಾಡಿಗೆ ಇಳಿದದ್ದು ಹಾಗೆ. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿದರು. ಅದರ ಹೆಸರು ಆಕಾಶವಾಣಿ, ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರಾಯಿತು. ಕದ್ರಿಗುಡ್ಡೆಯ ಫಲಕದಲ್ಲಿರುವ ಆ ಪದ ಒಬ್ಬ ಮನೋವಿಜ್ಞಾನಿಯ ಮನೆಯಿಂದ ಹೊರಟದ್ದು ಎಂಬುದು ಪದಪ್ರಿಯರಾದ ನಮಗೆ ಸಣ್ಣ ಲಾಭವಲ್ಲ.

ಕನ್ನಡದಲ್ಲಿ ಪರೀಕ್ಷೆ ಎಂದೊಡನೆ ಇನ್ನೊಂದು ಹೆಸರು ಹೇಳಲೇಬೇಕು, ವಿ.ವಿ. ಕಾಮತ್. 1905ರಲ್ಲಿ ಪ್ಯಾರಿಸ್ಸಿನ ಬಿನೆ ಮತ್ತು ಸಿಮೋನ್ ಮಾಡಿದ ಬುದ್ಧಿಪರೀಕ್ಷೆಯನ್ನು ಅಮೆರಿಕದಲ್ಲಿ ಟರ್ಮನ್ 1916ರಲ್ಲಿ ತಿದ್ದಿದ. ಅದನ್ನು ಕಾಮತರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ 'ಬಾಂಬೆ-ಕರ್ನಾಟಕ' ರೂಪ ಕೊಟ್ಟರು, 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಲ್ಲಿ ಅದು ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಹೆಸರಿನಲ್ಲಿರುವ 'ಕರ್ನಾಟಕ' ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳದ್ದು. ಕದ್ರಿ ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲಿತ್ತು. ಆ ಪರೀಕ್ಷೆಯ 'ನಮ್ಮ ಮಕ್ಕಳು' ಎಂಬಲ್ಲಿ ಕದ್ರಿಯ ಮಕ್ಕಳಿರಲಿಲ್ಲ.

ಇದು ಗಡಿಯ ತಕರಾರಲ್ಲ. ಕದ್ರಿಯ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ ಶಾಲೆಗೆ ಬಂದು ಕನ್ನಡ ಕಲಿಯುತ್ತದೆ, ಈಗೀಗ ಇಂಗ್ಲಿಷನ್ನು. ಪದಜ್ಞಾನದ ಪರೀಕ್ಷೆಯಲ್ಲಿ 'ಅರಿ' ಎಂದರೇನು ಎಂದು ಕೇಳಿದರೆನ್ನಿ. ಕಾಮತರು ಕೇಳಿದ್ದರೆಂದಲ್ಲ, ಮಾತಿಗೆ ಹೇಳುತ್ತೇನೆ. ತಿಳಿ ಎಂಬುದು ಕನ್ನಡದ ಉತ್ತರ; ತುಳುವಿನ ಮಗು ಅಕ್ಕಿ ಎನ್ನುತ್ತದೆ. ಸೊನ್ನೆ. ಮೂರು ವಾರ ಬಿಟ್ಟು ಕೇಳಿ, ಮತ್ತೆ ಅಕ್ಕಿ, ಮತ್ತೆ ಸೊನ್ನೆ. ಎರಡು ಸಲವೂ ಒಂದೇ ಅಂಕ, ಆದ್ದರಿಂದ ವಿಶ್ವಸನೀಯತೆಗೆ ಕಿಂಚಿತ್ತೂ ಕುಂದಿಲ್ಲ! ಹತ್ತಾರು ಇಂಥ ಪ್ರಶ್ನೆಗಳಿದ್ದರೆ ಅವೆಲ್ಲ ಒಟ್ಟಿಗೆ ಏಳುತ್ತ ಬೀಳುತ್ತ ಆಲ್ಫಾ ಇನ್ನೂ ಏರುತ್ತದೆ. ತಳ ನೆಗ್ಗಿದ ಸೇರಿನಲ್ಲಿ ಅಕ್ಕಿ ಅಳೆದ ಹಾಗೆ: ಹದಿನಾಲ್ಕು ಸೇರಿಗೊಂದು ಕಳಸಿಗೆ, ಮೂರು ಕಳಸಿಗೆಗೊಂದು ಮುಡಿ ಎಂದು ಎಷ್ಟು ಸಲ ಅಳೆದರೂ ಲೆಕ್ಕ ತಪ್ಪುವುದಿಲ್ಲ, ಮುಡಿ ಮಾತ್ರ ಪ್ರತಿಸಲವೂ ಅಷ್ಟೇ ಕಡಿಮೆ. ಧರ್ಮಕೀರ್ತಿಯ ಪದವನ್ನು ಅರ್ಧ ಮಾತ್ರ ಹಿಡಿದರೆ, ಮಾತು ಬದಲಿಸದಿರುವುದಷ್ಟೇ ಅವಿಸಂವಾದವೆಂದುಕೊಂಡರೆ, ನೆಗ್ಗಿದ ಸೇರೂ ಪ್ರಮಾಣವಾಗಿಬಿಡುತ್ತದೆ. ಮಧ್ವಾಚಾರ್ಯರ ಯಥಾರ್ಥವನ್ನು ಜೊತೆಗಿಡಬೇಕು.

ಈ ಕಾರಣಕ್ಕೆ ನನಗೆ 'ವಿಶ್ವಸನೀಯತೆ' ಎಂಬ ಪಾರಿಭಾಷಿಕದ ಮೇಲೆ ಪ್ರೀತಿ ಕಡಿಮೆ. ವಿಶ್ವಾಸ ಎಂದರೆ ನಂಬಿಕೆ. ಕನ್ನಡದಲ್ಲಿ ಅದರ ಮೇಲೆ ಅಕ್ಕರೆಯ ಲೇಪವೂ ಇದೆ, 'ಅವರಿಗೆ ನಮ್ಮ ಮೇಲೆ ಬಹಳ ವಿಶ್ವಾಸ' ಎನ್ನುತ್ತೇವೆ. ಸಂಖ್ಯಾಶಾಸ್ತ್ರ ಹೇಳುತ್ತಿರುವುದು ನಂಬಬಹುದು ಎಂದಲ್ಲ, ಮಾತು ಹೆಚ್ಚು ಬದಲಿಸುವುದಿಲ್ಲ ಎಂದಷ್ಟೇ. ಸ್ಥಿರತೆ ಎಂದಿದ್ದರೆ ಸಾಕಿತ್ತು, ಏಕರೂಪತೆ ಎಂದರೂ ಆಗುತ್ತಿತ್ತು, ಪಂಡಿತರಿಗೆ ಬೇಕಾದರೆ ಅವಿಸಂವಾದ. ಆದರೆ ನೆಲೆನಿಂತ ಪದವನ್ನು ಎಬ್ಬಿಸುವುದು ಸುಲಭವಲ್ಲ, ನಮ್ಮ ಕೆಲಸವೂ ಅಲ್ಲ. ಪ್ರಾಮಾಣಿಕ ಎಂಬುದನ್ನೇ ನೋಡಿ. ಪ್ರಮಾಣಗಳಿಂದ ಸಿದ್ಧವಾದದ್ದು, ಆಧಾರವುಳ್ಳದ್ದು ಎಂದಿದ್ದ ಪದ ಇಂದು ಪ್ರಾಮಾಣಿಕ ಮನುಷ್ಯನಲ್ಲಿ ಬರಿಯ ಋಜುತ್ವವಾಗಿದೆ. 'ಪ್ರಾಮಾಣಿಕ ಗ್ರಂಥ' ಎಂದು ಹಳಬರು ಬರೆದದ್ದನ್ನು ಹೊಸಬರು ಲಂಚ ತಿನ್ನದ ಗ್ರಂಥವೋ ಎಂಬಂತೆ ಓದುತ್ತಾರೆ. ವ್ಯಕ್ತಿತ್ವದ ಪ್ರಶ್ನಾವಳಿಗಳು ಪೂರ್ತಿ ಉತ್ತರಿಸುವವನ ಪ್ರಾಮಾಣಿಕತೆಯ ಮೇಲೆಯೇ ನಿಂತಿವೆ, ಅದಕ್ಕೆಂದೇ ಕೆಲವದರಲ್ಲಿ ಸುಳ್ಳು ಹಿಡಿಯುವ ಪ್ರಶ್ನೆಗಳನ್ನೂ ಹುದುಗಿಸಿಡುತ್ತಾರೆ. ಇಂಥ ಕಡೆ ಪದದ ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ಕಾಗದದ ಮೇಲೆ ಕೈಕುಲುಕುತ್ತವೆ.

ಅಂಕಿಗೆ ಆಣೆಯ ದನಿ ಬಂದಾಗ ಆಗುವ ಅನರ್ಥ ದೊಡ್ಡದು. 0.91 ವಿಶ್ವಸನೀಯತೆಯ ಬುದ್ಧಿಪರೀಕ್ಷೆಯೊಂದನ್ನು ಊಹಿಸಿಕೊಳ್ಳಿ. ಸರಾಸರಿ 100, ಮಾನಕ ವಿಚಲನೆ 15. ಒಂದರಿಂದ 0.91ನ್ನು ಕಳೆದರೆ 0.09, ಅದರ ವರ್ಗಮೂಲ 0.3, ಅದನ್ನು 15ರಿಂದ ಗುಣಿಸಿದರೆ 4.5. ಇದು ಒಬ್ಬನ ಅಂಕದಲ್ಲಿರುವ ಮಾನಕ ದೋಷ. 72 ಬಂದ ಮಗುವಿನ ನಿಜಾಂಶ, ನೂರಕ್ಕೆ ತೊಂಬತ್ತೈದರ ಭರವಸೆಯಲ್ಲಿ ಹೇಳಬೇಕಾದರೆ, ಸುಮಾರು 63ರಿಂದ 81ರವರೆಗೆ ಎಲ್ಲಿಯೂ ಇರಬಹುದು. ಬೌದ್ಧಿಕ ನ್ಯೂನತೆಗೆ ಎಳೆದುಕೊಂಡು ಬಂದಿರುವ ಗೆರೆ ಸರಾಸರಿಗಿಂತ ಎರಡು ವಿಚಲನೆ ಕೆಳಗೆ, ಎಂದರೆ 70ರ ಆಸುಪಾಸು. ಗೆರೆ ಆ 63-81ರ ಒಳಗೇ ಬಿದ್ದಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಸವಲತ್ತುಗಳು ಶೇಕಡಾ ಲೆಕ್ಕದ ಒಂದು ಪ್ರಮಾಣಪತ್ರದ ಮೇಲೆ ನಿಂತಿರುವಾಗ, ಮೂರಂಕ ಆಚೀಚೆಯಾದರೆ ಒಂದು ಮನೆಯ ಲೆಕ್ಕಾಚಾರವೇ ಬುಡಮೇಲಾದೀತು. ತಿಳಿದ ವೈದ್ಯರು ಅದಕ್ಕೇ ಅಂಕವೊಂದನ್ನೇ ನೆಚ್ಚದೆ ಮಗು ಊಟ ಮಾಡುವುದು, ಅಂಗಡಿಗೆ ಹೋಗಿ ಬರುವುದು, ಬಟ್ಟೆ ತೊಡುವುದು ಇವನ್ನೂ ವಿಚಾರಿಸುತ್ತಾರೆ.

ಇನ್ನೊಂದು ಸೂಕ್ಷ್ಮ. ವಿಶ್ವಸನೀಯತೆ ಪರೀಕ್ಷೆಯ ಹುಟ್ಟುಗುಣವಲ್ಲ, ಆ ಪರೀಕ್ಷೆಯನ್ನು ಯಾರಿಗೆ ಕೊಟ್ಟರೋ ಅವರ ಅಂಕಗಳ ಗುಣ. ಊರಿನ ಎಲ್ಲ ಮಕ್ಕಳಿಗೆ ಕೊಟ್ಟಾಗ 0.90 ಬಂದದ್ದು, ಪ್ರವೇಶಪರೀಕ್ಷೆಯಲ್ಲಿ ಸೋಸಿ ತೆಗೆದ ಒಂದೇ ತರಗತಿಗೆ ಕೊಟ್ಟಾಗ ಇಳಿದುಹೋಗುತ್ತದೆ. ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದವರಾದ್ದರಿಂದ ನಿಜಾಂಶದ ಚದುರುವಿಕೆ ಕುಗ್ಗಿತು, ಪ್ರಮಾದ ಹಾಗೆಯೇ ಉಳಿಯಿತು. ಆದ್ದರಿಂದ 'ಈ ಪರೀಕ್ಷೆಯ ವಿಶ್ವಸನೀಯತೆ 0.90' ಎಂಬ ವಾಕ್ಯ ಅಪೂರ್ಣ. ಎಲ್ಲಿ, ಯಾವಾಗ, ಯಾರಲ್ಲಿ ಎಂಬುದು ಸೇರಿದರೆ ಮಾತ್ರ ಅದು ವಾಕ್ಯ. ಆಣೆ ಒಮ್ಮೆ ಇಟ್ಟರೆ ಮುಗಿಯುತ್ತದೆ, ಈ ಪ್ರಮಾಣವನ್ನು ಪ್ರತಿ ಗುಂಪಿನಲ್ಲಿ ಹೊಸತಾಗಿ ಹವಣಿಸಬೇಕು. ಹವಣಿಸು ಎಂಬುದನ್ನು ಇಲ್ಲಿ ಹಳೆಯ ಅರ್ಥದಲ್ಲಿಯೇ ಓದಿಕೊಳ್ಳಿ.

ಕನ್ನಡದಲ್ಲಿ ಮನೋವಿಜ್ಞಾನದ ಪಠ್ಯ ಬರೆಯುವವರಲ್ಲಿ, ಮಕ್ಕಳ ವರದಿ ಬರೆಯುವವರಲ್ಲಿ ಹಾಗಾಗಿ ಒಂದು ಕೋರಿಕೆ. ವಿಶ್ವಸನೀಯತೆಯ ಅಂಕಿಯನ್ನು ಬರೆದಲ್ಲೆಲ್ಲ ಅದು ಯಾವ ಊರಿನ, ಯಾವ ಮನೆಮಾತಿನ, ಯಾವ ವರ್ಷದ ಮಕ್ಕಳಿಂದ ಬಂದದ್ದೆಂದು ಪಕ್ಕದಲ್ಲೇ ಬರೆಯಿರಿ. ಅಂಕದ ಜೊತೆಗೆ ಅದರ ಮಾನಕ ದೋಷವನ್ನೂ ಕೊಡಿ. ವರದಿ ಕೈಗೆ ಬಂದ ತಂದೆತಾಯಿಯರೂ ಇವೆರಡನ್ನು ಕೇಳಿ ಪಡೆಯಬೇಕು. ಇನ್ನು ಪದಪ್ರಿಯರಲ್ಲಿ ಯಾರಿಗಾದರೂ ಹವಣು ಎಂಬುದನ್ನು ಅಳತೆಯ ಅರ್ಥದಲ್ಲಿ ಇಂದಿಗೂ ಆಡುವ ಊರು ಗೊತ್ತಿದ್ದರೆ, ಆಡಿದ ವಾಕ್ಯವನ್ನು ಹಾಗೆಯೇ ಬರೆದಿಟ್ಟು ತಿಳಿಸಿ.